ಕೋಗಿಲಿನ ತಾರಸಿಯಲ್ಲಿ ತಾನಾಗಿ ಉರಿದ ಬಲ್ಬು

ಬ್ಯಾಟರಿ ಇಲ್ಲ. ಗೋಡೆಯ ಪ್ಲಗ್ಗಿಗೆ ಹೋಗುವ ವೈರಿಲ್ಲ. ಸೋಲಾರ್ ಪ್ಯಾನೆಲ್ ಇಲ್ಲ. ಆದರೂ ಬಲ್ಬು ಉರಿಯುತ್ತಿದೆ.

ಕಳೆದ ಶನಿವಾರ ಮಧ್ಯಾಹ್ನ, ಯಲಹಂಕದ ಹತ್ತಿರದ ಕೋಗಿಲಿನ ಒಂದು ಕಟ್ಟಡದ ತಾರಸಿಯಲ್ಲಿ, ತಗಡಿನ ಶೀಟಿನ ನೆರಳಲ್ಲಿ ನಿಂತು ನಾನು ಆ ಬಲ್ಬನ್ನು ನೋಡುತ್ತಿದ್ದೆ. ಮುಂದಿನಿಂದ ನೋಡಿದೆ. ಹಿಂದಿನಿಂದ ನೋಡಿದೆ. ಬಗ್ಗಿ ಮೇಜಿನ ಅಡಿಯಲ್ಲೂ ನೋಡಿದೆ. (ಸುದ್ದಿಮನೆಯಲ್ಲಿ ವರ್ಷಗಟ್ಟಲೆ ಕೂತವರಿಗೆ ಮೇಜಿನ ಅಡಿ ನೋಡುವ ಚಾಳಿ ತಾನಾಗಿ ಅಂಟಿಕೊಳ್ಳುತ್ತದೆ.) ಅಲ್ಲಿ ಒಂದು ಹಳೇ ಪೇಂಟ್ ಡಬ್ಬ ಬಿಟ್ಟರೆ ಏನೂ ಇರಲಿಲ್ಲ. ಡಬ್ಬವನ್ನೂ ಎತ್ತಿ ಅಲ್ಲಾಡಿಸಿದೆ. ಖಾಲಿ.

"ಚೆನ್ನಾಗಿ ನೋಡ್ಕೊಳ್ಳಿ ಸಾರ್. ಆಮೇಲೆ ಬೇಕಾದ್ರೆ ಬೈರಿ," ಎಂದರು ಮುನಿರಾಜು.

ಮುನಿರಾಜು ನನ್ನ ಹಳೆಯ ಓನರ್. ಅಮೃತಹಳ್ಳಿಯ ಈಗಿನ ಮನೆಗೆ ಬರುವ ಮುಂಚೆ ಇದೇ ಕಟ್ಟಡದ ಮೊದಲ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅವರ ಅಪ್ಪ ಈ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಮಗ ಮನೆಗಳನ್ನು ಬೆಳೆದರು. ಬಾಡಿಗೆ ಮನೆ ಬಿಟ್ಟು ಹೋದ ಮೇಲೂ ಫೋನ್ ಮಾಡುವ ಓನರ್ ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಸಿಕ್ಕಾರು? ನನಗೆ ಒಬ್ಬರು ಸಿಕ್ಕಿದ್ದಾರೆ. ಶುಕ್ರವಾರ ಅವರ ಫೋನ್ ಬಂತು.

"ಸಾರ್, ನೀವು ಪೇಪರ್‌ನೋರು. ಕಂಡಿದ್ದನ್ನ ಕಂಡಂಗೆ ಬರೀತೀರ. ಒಂದ್ಸಲ ಬಂದು ನೋಡ್ಬೇಕು. ನಾವು ಭೂಮಿಯಿಂದ ಕರೆಂಟ್ ತೆಗ್ದಿದೀವಿ."

"ಬೋರ್‌ವೆಲ್ಲಾ?"

"ಅಯ್ಯೋ, ನೀರಲ್ಲ ಸಾರ್. ಕರೆಂಟು!"

ಇಂಥ ಫೋನುಗಳು ನನಗೆ ಹೊಸವಲ್ಲ. ಅಂಕಣ ಬರೆಯುವವರ ನಂಬರ್ ಒಮ್ಮೆ ಊರಿಗೆ ಗೊತ್ತಾದರೆ, ನೀರಿನಿಂದ ಓಡುವ ಸ್ಕೂಟರ್, ಆಯಸ್ಕಾಂತದಿಂದ ತಿರುಗುವ ಫ್ಯಾನ್, ಎಲ್ಲವೂ ಒಂದಲ್ಲ ಒಂದು ದಿನ ವಾಟ್ಸ್ಆ್ಯಪ್‌ನಲ್ಲಿ ಬಂದು ಬೀಳುತ್ತವೆ. ವಿಡಿಯೋದಲ್ಲಿ ಒಂದು ಕೈ ಮಾತ್ರ ಕಾಣುತ್ತದೆ. ತಾಮ್ರದ ಸುರುಳಿ ಇರುತ್ತದೆ. ಬಲ್ಬು ಹತ್ತುತ್ತದೆ. ಕೆಳಗೆ ಯಾರೋ ಒಬ್ಬರು, 'ಇದನ್ನು ದೊಡ್ಡ ಕಂಪನಿಗಳು ಮುಚ್ಚಿಟ್ಟಿವೆ' ಎಂದು ಬರೆದಿರುತ್ತಾರೆ. ನಾನು ನೋಡಿ, ಮುಗುಳ್ನಕ್ಕು, ಅಳಿಸಿ ಹಾಕುತ್ತೇನೆ.

ಈ ಸಲ ಕೈ ಮಾತ್ರವಲ್ಲ, ಇಡೀ ಮನುಷ್ಯ ಗೊತ್ತಿದ್ದ. ಹಾಗಾಗಿ ಹೋದೆ.

ಮೆಷಿನ್ ಕಟ್ಟಿದವರು ಇಲಿಯಾಸ್. ಆರ್.ಟಿ. ನಗರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ಹಳೇ ತಂತಿ ಬಿಚ್ಚಿ ಹೊಸದು ಸುತ್ತುವುದು ಅವರ ಕಸುಬು. ಮುನಿರಾಜು ಅವರ ಮೊದಲ ಬೋರ್‌ವೆಲ್‌ನ ಮೋಟರ್ ಸುಟ್ಟಾಗ ಶುರುವಾದ ಪರಿಚಯ. ಬೋರ್‌ವೆಲ್ ಬತ್ತಿತು, ಸ್ನೇಹ ಉಳಿಯಿತು. ಇಬ್ಬರೂ ಏಕವಚನದಲ್ಲಿ ಮಾತಾಡಿಕೊಳ್ಳುತ್ತಾರೆ, ಏಕವಚನದಲ್ಲೇ ಜಗಳವಾಡುತ್ತಾರೆ.

ಮೇಜಿನ ಮೇಲೆ ಪುಟ್ಟ ಡ್ರಮ್ಮಿನ ಗಾತ್ರದ ತಾಮ್ರದ ಕಾಯಿಲ್ ಇತ್ತು. ಪಕ್ಕದಲ್ಲಿ ಸಾಲಾಗಿ ಕೆಪಾಸಿಟರುಗಳು. ಫ್ಯಾನಿಗೆ ಹಾಕುತ್ತಾರಲ್ಲ, ಅಂಥವು, ಇನ್ನಷ್ಟು ದಪ್ಪ. ಅಲ್ಲಿಂದ ಹೊರಟ ಎರಡು ವೈರುಗಳಲ್ಲಿ ಒಂದು ಕೆಳಗಿಳಿದು ಹಿತ್ತಲಿನ ಬತ್ತಿದ ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪೈಪಿಗೆ ಸೇರುತ್ತಿತ್ತು. ಇನ್ನೊಂದು ಮನೆಯ ಮುಂದಿನ ಅರ್ತ್ ಗುಂಡಿಗೆ. ಅಷ್ಟೇ. ಎರಡು ತುದಿಯೂ ಮಣ್ಣಿನಲ್ಲಿ.

"ಸ್ವಿಚ್ ಎಲ್ಲಿ?" ಎಂದೆ.

"ಸ್ವಿಚ್ಚೇ ಇಲ್ಲ ಸಾರ್," ಎಂದರು ಇಲಿಯಾಸ್. "ಆಫ್ ಯಾಕೆ ಮಾಡ್ಬೇಕು? ಭೂಮಿ ಆಫ್ ಆಗತ್ತಾ?"

ಅವರ ವಿವರಣೆ ಹೀಗಿತ್ತು. ಪ್ರತಿಯೊಂದಕ್ಕೂ ಒಂದು ಮಿಡಿತವಿದೆ. ಭೂಮಿಗೂ ಇದೆ. ಕಾಯಿಲನ್ನು ಆ ಮಿಡಿತಕ್ಕೆ ಶ್ರುತಿ ಮಾಡಿದರೆ ಭೂಮಿಯ ಶಕ್ತಿ ಅದರೊಳಗೆ ಹರಿದು ಬರುತ್ತದೆ. ಶ್ರುತಿ ಮಾಡುವುದೆಂದರೆ ಸುತ್ತು ಹೆಚ್ಚಿಸುವುದು, ಕಡಿಮೆ ಮಾಡುವುದು, ಕೆಪಾಸಿಟರ್ ಬದಲಾಯಿಸುವುದು. ಈ ಕೆಲಸದಲ್ಲಿ ಅವರು ತಿಂಗಳುಗಟ್ಟಲೆ ಕಳೆದಿದ್ದರು. ಒಂದು ದಿನ, ಒಂದು ಸುತ್ತು ಬಿಚ್ಚಿದ ಕೂಡಲೇ, ಮೀಟರಿನ ಮುಳ್ಳು ಮೇಲಕ್ಕೆ ಹಾರಿತಂತೆ.

"ಆವತ್ತು ಇವನು ಅಂಗಡಿ ಬಾಗಿಲು ಹಾಕೋದು ಮರ್ತು ಇಲ್ಲೇ ಮಲ್ಕೊಂಡ," ಎಂದರು ಮುನಿರಾಜು.

"ನೀನು ಮಲ್ಗೋಕೆ ಬಿಟ್ಯಾ? ಬೆಳಗಿನ್ ತನಕ ಬಲ್ಬ್ ನೋಡ್ತಾ ಕೂತಿದ್ದೋನು ಯಾರು?"

ಈ ಶ್ರುತಿಯ ಮಾತಿನಲ್ಲಿ ಸುಳ್ಳಿಲ್ಲ. ಅನುರಣನೆ ಎಂಬುದು ನಿಜ. ನಂಬಿಕೆ ಇಲ್ಲದವರು ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತ ಹಳೇ ಬಸ್ಸಿನಲ್ಲಿ ಕೂರಬೇಕು. ಇಂಜಿನ್ ಒಂದು ಹದಕ್ಕೆ ಬಂದಾಗ ನಿಮ್ಮ ಪಕ್ಕದ ಕಿಟಕಿ ಗಾಜು ಮಾತ್ರ ಗಡಗಡ ಅನ್ನುತ್ತದೆ. ಡ್ರೈವರ್ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ನಿಮ್ಮ ಗಾಜು ಸುಮ್ಮನಾಗಿ ಹಿಂದಿನವರದ್ದು ಶುರುವಾಗುತ್ತದೆ. ಪ್ರತಿ ಗಾಜಿಗೂ ಅದರದೇ ಲಯ. ಲಯ ಕೂಡಿದರೆ ಸಣ್ಣ ನಡುಕ ದೊಡ್ಡದಾಗುತ್ತದೆ. ರೇಡಿಯೋ ಸ್ಟೇಷನ್ ಹಿಡಿಯುವುದೂ ಹೀಗೆಯೇ.

ಆದರೆ ನಡುಕ ದೊಡ್ಡದಾದರೆ ಶಕ್ತಿಯೂ ಹೊಸದಾಗಿ ಹುಟ್ಟುತ್ತದೆಯೇ? ಪ್ರಶ್ನೆ ಇರುವುದು ಅಲ್ಲಿ. ಗಾಜು ನಡುಗಿದ್ದು ಇಂಜಿನ್ ಡೀಸೆಲ್ ಕುಡಿದದ್ದರಿಂದ. ಹಾಗಾದರೆ ಈ ತಾರಸಿಯ ಇಂಜಿನ್ ಎಲ್ಲಿದೆ?

ಕೇಳಿದೆ. ಮುನಿರಾಜು ನಗಲಿಲ್ಲ.

"ನಾನೂ ಅದನ್ನೇ ಕೇಳ್ದೆ ಸಾರ್. ನಮ್ಮನೆ ಕರೆಂಟೇ ಎಲ್ಲೋ ಲೀಕ್ ಆಗಿ ಬರ್ತಿರ್ಬೋದು ಅಂತ ಅನುಮಾನ ಇತ್ತು. ಬನ್ನಿ, ನೀವೇ ಮೇನ್ ಆಫ್ ಮಾಡಿ."

ಕೆಳಗೆ ಹೋದೆವು. ಮುನಿರಾಜು ಅವರ ಹೆಂಡತಿ ಶೋಭಾ ಅಡುಗೆಮನೆಯಿಂದ, "ಆಫ್ ಮಾಡ್ತಿದೀರಾ? ಮಾಡಿ, ಯುಪಿಎಸ್ ಇದೆ," ಎಂದು ಕೂಗಿದರು. ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನು ನನ್ನ ಕೈಯಿಂದಲೇ ಕೆಳಗಿಳಿಸಿದೆ. ಬಾಡಿಗೆಯವರು ಯಾರೋ ಮೇಲಿಂದ, "ಅಂಕಲ್, ಮತ್ತೆ ಶುರು ಮಾಡಿದ್ರಾ?" ಎಂದು ಗೊಣಗಿದರು. ಮೆಟ್ಟಿಲು ಹತ್ತಿ ತಾರಸಿಗೆ ಬಂದೆವು.

ಬಲ್ಬು ಉರಿಯುತ್ತಿತ್ತು.

ಸುಳ್ಳು ಹೇಳುವುದಿಲ್ಲ, ನಗಲು ಸಿದ್ಧನಾಗಿ ಬಂದವನಿಗೆ ನಗುವ ಜಾಗವೇ ಸಿಗಲಿಲ್ಲ. ಇವರು ವಿಡಿಯೋದ ಕೈಗಳಲ್ಲ. ಅನುಮಾನ ಪಟ್ಟಿದ್ದಾರೆ, ಪರೀಕ್ಷೆ ಮಾಡಿದ್ದಾರೆ, ಪರೀಕ್ಷೆಯಲ್ಲಿ ಪಾಸಾಗಿದ್ದಾರೆ. ಇನ್ನೇನು ಕೇಳಲಿ?

"ಸೋಮವಾರ ಸಿಲಿಂಡರ್ ವಾಪಸ್ ಕಳಿಸ್ತಿದೀವಿ," ಎಂದರು ಮುನಿರಾಜು. ಆಗ ನನಗೆ ಈ ಮೆಷಿನ್ ಯಾಕೆ ಹುಟ್ಟಿತು ಎಂಬುದು ಗೊತ್ತಾಯಿತು.

ಕೆಳಗಿನ ಕೋಣೆಯಲ್ಲಿ ಅವರ ತಾಯಿ ಪಿಳ್ಳಮ್ಮ ಇದ್ದಾರೆ. ಶ್ವಾಸಕೋಶದ ತೊಂದರೆ. ಮಂಚದ ಪಕ್ಕ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮೆಷಿನ್ ಹಗಲೂ ರಾತ್ರಿ ಗುರ್ ಎನ್ನುತ್ತಿರುತ್ತದೆ. ಅದರ ಕೊಳವೆ ಪಿಳ್ಳಮ್ಮನವರ ಮೂಗಿನಲ್ಲಿ. ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದರೆ ಯುಪಿಎಸ್. ಯುಪಿಎಸ್ ಬ್ಯಾಟರಿ ಸ್ವಲ್ಪ ಹೊತ್ತು ತಡೆಯುತ್ತದೆ. ಅದೂ ಇಳಿದರೆ ಮೂಲೆಯಲ್ಲಿ ನಿಂತಿರುವ ಆಮ್ಲಜನಕದ ಸಿಲಿಂಡರ್. ಬಾಡಿಗೆಗೆ ತಂದದ್ದು. ಪಿಳ್ಳಮ್ಮನವರಿಗೆ ಅದನ್ನು ಕಂಡರೆ ಆಗದು.

"ಮಾವ ನಿಂತಂಗೆ ನಿಂತವ್ನೆ ನೋಡಪ್ಪ ಮೂಲೇಲಿ," ಎಂದು ಅವರು ನನಗೆ ತೋರಿಸಿದರು. ಕೊಳವೆಯಿಂದಾಗಿ ಮಾತು ಬಿಟ್ಟು ಬಿಟ್ಟು ಬರುತ್ತಿತ್ತು, ಚುರುಕು ಮಾತ್ರ ಕಮ್ಮಿಯಾಗಿರಲಿಲ್ಲ. "ಕಾಲು ಚಾಚಕ್ಕೂ ನಾಚ್ಕೆ. ಅವ್ನು ಓದ್ರೆ ನಾನು ನೆಮ್ದಿಯಾಗಿ ನಿದ್ದೆ ಮಾಡ್ತೀನಿ."

"ಹೋಗ್ತಾನೆ ಅಮ್ಮ, ಸೋಮವಾರ ಹೋಗ್ತಾನೆ," ಎಂದರು ಮಗ.

ಯೋಜನೆ ಸರಳ. ತಾರಸಿಯ ಮೆಷಿನ್ ಯುಪಿಎಸ್ ಬ್ಯಾಟರಿಗೆ ಸದಾ ಚಾರ್ಜ್ ಕೊಡುತ್ತಿರುತ್ತದೆ. ಬ್ಯಾಟರಿ ಇಳಿಯುವುದೇ ಇಲ್ಲ. ಎಷ್ಟು ಹೊತ್ತು ಕರೆಂಟ್ ಹೋದರೂ ಉಸಿರಿನ ಮೆಷಿನ್ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಸಿಲಿಂಡರ್ ಯಾಕೆ? ಹಿಂದಿನ ವಾರ ಒಂದಿಡೀ ದಿನ ಗೋಡೆಯ ಚಾರ್ಜ್ ತಪ್ಪಿಸಿ ಇದರಿಂದಲೇ ಕೊಟ್ಟಿದ್ದರು. ಸಂಜೆ ನೋಡಿದರೆ ಬ್ಯಾಟರಿ ಫುಲ್.

ನಾನು ಮತ್ತೆ ತಾರಸಿಗೆ ಬಂದೆ. ಮೇನ್ ಸ್ವಿಚ್ ಮೇಲೇರಿತ್ತು. ಶೋಭಾ ಟೀ ತಂದಿಟ್ಟರು. ಇಲಿಯಾಸ್ ತಮ್ಮ ಕಾಯಿಲ್‌ನ ಮುಂದೆ, ಹೊಸ ಅಳಿಯನನ್ನು ಪರಿಚಯ ಮಾಡಿಸುವ ಮಾವನ ಹಾಗೆ ಕೂತಿದ್ದರು. ಮೀಟರ್ ಹಚ್ಚಿ ತೋರಿಸಿದರು. ಮನೆಯ ಪ್ಲಗ್ಗಿನಲ್ಲಿ ಬರುವಷ್ಟೇ ವೋಲ್ಟೇಜು. ಅದಕ್ಕಿಂತ ಒಂದು ಕೈ ಹೆಚ್ಚೇ.

ಟೀ ಅರ್ಧ ಮುಗಿದಿತ್ತು. ಕೆಳಗಿನಿಂದ ಪೀ... ಪೀ... ಎಂದು ಸದ್ದು ಬಂತು.

ಯುಪಿಎಸ್‌ನ ಸದ್ದು. ಕರೆಂಟ್ ಹೋಗಿತ್ತು. ಯಾರೂ ಆಫ್ ಮಾಡಿದ್ದಲ್ಲ, ಇಡೀ ಬೀದಿಯದೇ ಹೋಗಿತ್ತು.

ಮುಂದೆ ಆದದ್ದನ್ನು ನೋಡಿದ್ದರೆ ನಿಮಗೆ ಸೈರನ್ ಕೇಳಿದ ಫೈರ್ ಸ್ಟೇಷನ್ ನೆನಪಾಗುತ್ತಿತ್ತು. ಮುನಿರಾಜು ಲೋಟ ಬಿಟ್ಟು ಮೆಟ್ಟಿಲಿಗೆ ಹಾರಿದರು. ಇಲಿಯಾಸ್ ಹಿಂದೆಯೇ. ಶೋಭಾ ಅವರಿಗಿಂತ ಮುಂದೆ. ಮನೆಯಲ್ಲಿ ಕರೆಂಟ್ ಹೋದಾಗ ಯಾರು ಏನು ಮಾಡಬೇಕು ಎಂಬುದು ನಿಕ್ಕಿಯಾಗಿದೆ. ಶೋಭಾ ಟಿವಿ, ಫ್ರಿಜ್ಜು, ಫ್ಯಾನುಗಳ ಪ್ಲಗ್ ಕಿತ್ತು ಬ್ಯಾಟರಿ ಉಳಿಸುತ್ತಾರೆ. ಮುನಿರಾಜು ಸಿಲಿಂಡರನ್ನು ಮಂಚದ ಪಕ್ಕಕ್ಕೆ ಎಳೆದು ಸಿದ್ಧ ಮಾಡುತ್ತಾರೆ. ಇಲಿಯಾಸ್ ಇದ್ದರೆ ಯುಪಿಎಸ್ ಮುಂದೆ ಕೂರುತ್ತಾರೆ. ಯಾರೂ ಯಾರಿಗೂ ಹೇಳುವುದಿಲ್ಲ. ಕಾಲುಗಳೇ ಓಡುತ್ತವೆ.

ನನಗೆ ಆ ಪಟ್ಟಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ಹಾಗಾಗಿ ತಾರಸಿಯಲ್ಲೇ ಉಳಿದೆ, ಟೀ ಲೋಟದೊಂದಿಗೆ.

ತಿರುಗಿ ನೋಡಿದೆ. ಬಲ್ಬು ಆರಿತ್ತು.

ಹತ್ತಿರ ಹೋದೆ. ಏನನ್ನೂ ಮುಟ್ಟಲಿಲ್ಲ. ಕ್ಲಿಪ್ಪುಗಳು ಕಚ್ಚಿಕೊಂಡೇ ಇದ್ದವು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಭೂಮಿ ಆಫ್ ಆಗಿತ್ತು!

ಕೆಳಗೆ ಹೋಗಿ ಹೇಳಿದೆ. ಮುನಿರಾಜು ಸಿಲಿಂಡರ್ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಇಲಿಯಾಸ್ ಎದ್ದು ನಿಂತರು.

"ನೀವು ಕ್ಲಿಪ್ ಮುಟ್ಟಿದ್ರಾ ಸಾರ್?"

"ಇಲ್ಲ."

"ಮೇಜು ಅಲ್ಲಾಡ್ಸಿರ್ತೀರ. ಶ್ರುತಿ ತಪ್ಪಿರತ್ತೆ."

"ನಾನು ಲೋಟ ಹಿಡ್ಕೊಂಡು ದೂರದಲ್ಲಿ ನಿಂತಿದ್ದೆ."

ಅಷ್ಟರಲ್ಲಿ ಪೀ ಪೀ ನಿಂತಿತು. ಕರೆಂಟ್ ಬಂದಿತ್ತು. ಎಲ್ಲರೂ ಮೇಲಕ್ಕೆ ಓಡಿದೆವು. ಬಲ್ಬು ಉರಿಯುತ್ತಿತ್ತು. ಏನೂ ಆಗಿಲ್ಲವೆಂಬಂತೆ, ಶಾಂತವಾಗಿ.

"ನೋಡಿ," ಎಂದರು ಮುನಿರಾಜು.

ಸಾಕ್ಷಿ ಹೇಳಲು ಕರೆಸಿದ್ದರು. ಸಾಕ್ಷಿ ಹೇಳಿದರೆ ನಂಬುವವರಿಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ.

"ಮುನಿರಾಜು, ಇದುವರೆಗೆ ಬೀದಿಯ ಕರೆಂಟ್ ಹೋದಾಗ ಈ ಬಲ್ಬನ್ನ ನಿಮ್ಮಲ್ಲಿ ಯಾರಾದ್ರೂ ನೋಡಿದೀರಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನೋಡಿರಲಿಲ್ಲ. ನೋಡಲು ಸಾಧ್ಯವೂ ಇರಲಿಲ್ಲ. ಕರೆಂಟ್ ಹೋದ ಕ್ಷಣ ಈ ಮನೆಯ ಯಾರೂ ತಾರಸಿಯಲ್ಲಿ ನಿಲ್ಲುವವರಲ್ಲ. ಕರೆಂಟ್ ಹೋದ ಹೊತ್ತಿಗೆಂದೇ ಕಟ್ಟಿದ ಮೆಷಿನ್ನನ್ನು ಕರೆಂಟ್ ಹೋದಾಗ ಒಮ್ಮೆಯೂ ನೋಡಿರಲಿಲ್ಲ. ಇದನ್ನು ಅಜಾಗರೂಕತೆ ಎನ್ನುತ್ತೀರಾ? ನನಗೆ ಹಾಗನ್ನಿಸಲಿಲ್ಲ. ತಾಯಿಯ ಉಸಿರಿನ ಕಡೆ ಓಡುವ ಮಗ ಹಿಂತಿರುಗಿ ಬಲ್ಬು ನೋಡಲಿಲ್ಲ ಎಂದು ಯಾರು ಬೈಯುತ್ತಾರೆ?

"ಮುಂದಿನ ಸಲ ಕರೆಂಟ್ ಹೋಗೋವರ್ಗೂ ಸಿಲಿಂಡರ್ ಇರ್ಲಿ," ಎಂದೆ.

"ಅಮ್ಮಂಗೆ ಮಾತು ಕೊಟ್ಟಿದೀನಿ ಸಾರ್. ಅಂಗಡಿಯವ್ನಿಗೂ ಹೇಳಾಗಿದೆ, ಸೋಮವಾರ ಬೆಳಗ್ಗೆ ಆಟೋ ಬರತ್ತೆ."

"ಹಾಗಿದ್ರೆ ಇವತ್ತೇ ನೋಡ್ಬಿಡಣ," ಎಂದರು ಇಲಿಯಾಸ್. ಅವರ ದನಿಯಲ್ಲಿ ನೋವಿತ್ತು. ನನ್ನ ಮೇಲೆ ಸಿಟ್ಟೂ ಇತ್ತು. "ಕರೆಂಟ್ ಹೋಗೋ ತನಕ ನಾನು ಇಲ್ಲಿಂದ ಏಳಲ್ಲ. ಸಾರ್, ನೀವೂ ಏಳ್ಬೇಡಿ."

ಕೂತೆವು.

ನಮ್ಮ ಕಡೆ ಕರೆಂಟ್ ಹೋಗಲಿ ಎಂದು ಕಾಯುವುದು ಕಷ್ಟದ ಕೆಲಸವಲ್ಲ ಅಂದುಕೊಂಡಿದ್ದೆ. ಆದರೆ ಬೇಕು ಎಂದಾಗ ಅದು ಹೋಗುತ್ತದೆಯೇ? ಲಿಫ್ಟ್ ಒಳಗಿದ್ದಾಗ ಹೋಗುತ್ತದೆ. ಮಿಕ್ಸಿಗೆ ತೆಂಗಿನಕಾಯಿ ಹಾಕಿದಾಗ ಹೋಗುತ್ತದೆ. ಮೂರು ಜನ ಗಂಡಸರು ಬಲ್ಬಿನ ಮುಂದೆ ಪದ್ಮಾಸನ ಹಾಕಿ ಕಾದರೆ ಹೋಗುವುದಿಲ್ಲ. ಯಲಹಂಕದ ಕಡೆಯಿಂದ ಒಂದು ಯುದ್ಧವಿಮಾನ ಸದ್ದು ಮಾಡಿಕೊಂಡು ಹೋಯಿತು. ಬಾಡಿಗೆಯವರು ಬಟ್ಟೆ ಒಣಹಾಕಲು ಬಂದು, ನಮ್ಮನ್ನು ನೋಡಿ, ಏನೂ ಕೇಳದೆ ಇಳಿದು ಹೋದರು. ಇಲಿಯಾಸ್ ನನ್ನ ಜೊತೆ ಮಾತಾಡಲಿಲ್ಲ. ಮುನಿರಾಜು ಇಬ್ಬರ ಜೊತೆಯೂ ಮಾತಾಡಿದರು, ಕ್ರಿಕೆಟ್ಟಿನ ಬಗ್ಗೆ.

ಶೋಭಾ ಬಂದು ಹೇಳಿದರು. "ಅತ್ತೆ ಕೇಳ್ತಿದಾರೆ. ಕರೆಂಟ್ ಬರ್ಲಿ ಅಂತ ಕಾಯೋರ್ನ ಕಂಡಿದೀನಿ, ಓಗ್ಲಿ ಅಂತ ಕಾಯೋರ್ನ ಇವತ್ತೇ ನೋಡಿದ್ದು ಅಂತೆ."

ಸೂರ್ಯ ಇಳಿಯುತ್ತಿದ್ದ. ನಾನು ಹೊರಡುವ ಮಾತೆತ್ತುವಷ್ಟರಲ್ಲಿ ಪೀ... ಪೀ...

ಮುನಿರಾಜು ಅರ್ಧ ಎದ್ದಿದ್ದರು. ಮೈ ಆಗಲೇ ಮೆಟ್ಟಿಲ ಕಡೆ ತಿರುಗಿತ್ತು. ಇಲಿಯಾಸ್ ಗೆಳೆಯನ ಮಣಿಕಟ್ಟು ಹಿಡಿದರು.

"ಕೂತ್ಕೋ ಮುನಿ. ಕೆಳಗೆ ಶೋಭಕ್ಕ ಇದಾರೆ. ಇದನ್ನ ನೋಡು."

ಬಲ್ಬು ಆರಿತ್ತು. ಮುಳ್ಳು ಸೊನ್ನೆಯಲ್ಲಿತ್ತು.

ಮುನಿರಾಜು ಬಲ್ಬನ್ನು ನೋಡುತ್ತಿದ್ದರು, ಆದರೆ ಕಿವಿ ಕೆಳಗಿತ್ತು. ಯುಪಿಎಸ್‌ನ ಪ್ರತಿ ಪೀಗೂ ಅವರ ರೆಪ್ಪೆ ಅಲ್ಲಾಡುತ್ತಿತ್ತು. ಇಲಿಯಾಸ್ ಹಿಡಿದಿದ್ದ ಕೈ ಬಿಟ್ಟರು. ಮುನಿರಾಜು ಓಡಿದರು.

ಉಳಿದವರು ನಾವಿಬ್ಬರು. ಇಲಿಯಾಸ್ ಕಾಯಿಲ್ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ಸಾರ್, ಮೇನ್ ಆಫ್ ಮಾಡಿದ್ರೂ ಉರೀತಿತ್ತಲ್ಲ? ನೀವೇ ಆಫ್ ಮಾಡಿದ್ರಿ. ಅದ್ಹೆಂಗೆ?"

ನನಗೂ ಅದೇ ಬೇಕಿತ್ತು. ಅದ್ಹೆಂಗೆ?

ವಸುಧಾಗೆ ಫೋನ್ ಮಾಡಿದೆ. ನನ್ನ ಚಿಕ್ಕಪ್ಪನ ಮಗಳು, ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತಾಳೆ. ಸ್ಪೀಕರ್ ಹಾಕಿ ಇಲಿಯಾಸ್ ಎಲ್ಲವನ್ನೂ ವಿವರಿಸಿದರು. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ಹೇಳಿದ ಮೊದಲ ಮಾತು: "ಯಾರೂ ಆ ಬೋರ್‌ವೆಲ್ ಪೈಪ್ ಮುಟ್ಬೇಡಿ."

ಎರಡನೆಯದು: "ಅಕ್ಕಪಕ್ಕದ ಮನೇಲಿ ಯಾರಿಗಾದ್ರೂ ನಲ್ಲಿ ಮುಟ್ಟಿದ್ರೆ ಶಾಕ್ ಹೊಡೀತಿದ್ಯಾ?"

ಹೊಡೆಯುತ್ತಿತ್ತು. ಪಕ್ಕದ ಮನೆಯವರು ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಪ್ಲಂಬರನ್ನು ಕರೆಸಿದ್ದರಂತೆ.

ವಸುಧಾ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮನೆಗೆ ಬರುವ ಕರೆಂಟು ಒಂದು ತಂತಿಯಲ್ಲಿ ಬಂದು, ಕೆಲಸ ಮಾಡಿ, ಇನ್ನೊಂದರಲ್ಲಿ ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗಬೇಕು. ವಾಪಸ್ ಹೋಗುವ ತಂತಿಗೆ ನ್ಯೂಟ್ರಲ್ ಎನ್ನುತ್ತಾರೆ. ಬೀದಿಯ ಕಂಬದಲ್ಲೆಲ್ಲೋ ಅದರ ಜಾಯಿಂಟ್ ಸುಟ್ಟಿದ್ದರೆ, ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಯಾರದೋ ಅರ್ತ್ ಗುಂಡಿ, ಮಣ್ಣು, ನೀರಿನ ಪೈಪು, ಬತ್ತಿದ ಬೋರ್‌ವೆಲ್‌ನ ಕೇಸಿಂಗ್. ಇಲಿಯಾಸ್ ಅವರ ಎರಡು ವೈರುಗಳು ಸರಿಯಾಗಿ ಆ ದಾರಿಯ ಮೇಲೆ ಕೂತಿದ್ದವು. ಅವರ ಕಾಯಿಲ್ ನಿಜವಾಗಿಯೂ ಒಂದು ಮಿಡಿತಕ್ಕೆ ಶ್ರುತಿಯಾಗಿತ್ತು. ಭೂಮಿಯದ್ದಲ್ಲ, ಬೀದಿಯದ್ದು. ನಮ್ಮ ಮೇನ್ ಆಫ್ ಮಾಡಿದರೆ ಬೀದಿಯ ಉಳಿದ ಮನೆಗಳ ಕರೆಂಟು ನಿಲ್ಲುತ್ತದೆಯೇ? ಅದು ಮಣ್ಣಿನಲ್ಲಿ ಹರಿಯುತ್ತಲೇ ಇತ್ತು. ಇಡೀ ಬೀದಿಯ ಕರೆಂಟೇ ಹೋದಾಗ ಹರಿಯುವುದಕ್ಕೆ ಏನೂ ಉಳಿಯಲಿಲ್ಲ.

"ಮತ್ತೆ ವೋಲ್ಟೇಜ್ ಅಷ್ಟೊಂದು ಬಂತಲ್ಲ ಮೇಡಂ?" ಇಲಿಯಾಸ್ ಬಿಡಲಿಲ್ಲ.

"ಶ್ರುತಿ ಕೂಡಿದ್ರೆ ವೋಲ್ಟೇಜ್ ಏರತ್ತೆ, ನಿಜ. ನೀವು ಚೆನ್ನಾಗೇ ಸುತ್ತಿದೀರ. ಆದ್ರೆ ನಿಮ್ಮ ಮನೆ ಕಾವೇರಿ ನಲ್ಲಿ ನೆನಪು ಮಾಡ್ಕೊಳ್ಳಿ. ತಿರುಗ್ಸಿದ ಕೂಡ್ಲೆ ಬುಸ್ ಅಂತ ಗಾಳಿ ಬರಲ್ವಾ? ಜೋರು ಇರತ್ತೆ, ಬಕೆಟ್ ತುಂಬಲ್ಲ. ಎಲ್ಇಡಿ ಬಲ್ಬಿಗೆ ಒಂದು ಲೋಟ ಸಾಕು. ಉಸಿರಾಡೋ ಮೆಷಿನ್‌ಗೆ ಟ್ಯಾಂಕರ್ ಬೇಕು."

"ಬ್ಯಾಟರಿ ಫುಲ್ ಆಗಿತ್ತು ಮೇಡಂ."

"ಆವತ್ತು ಕರೆಂಟ್ ಹೋಗಿತ್ತಾ?"

ಹೋಗಿರಲಿಲ್ಲ. ಖರ್ಚಾಗದ ಬ್ಯಾಟರಿ ತುಂಬಿಯೇ ಇತ್ತು, ಅಷ್ಟೇ.

ಇಲಿಯಾಸ್ ಫೋನಿಗೆ "ಶುಕ್ರಿಯಾ ಮೇಡಂ" ಎಂದರು. ಕಾಯಿಲ್‌ನ ಎರಡೂ ಕ್ಲಿಪ್ಪುಗಳನ್ನು ರಬ್ಬರ್ ಹಿಡಿಕೆಯ ಇಕ್ಕಳದಿಂದ ಬಿಚ್ಚಿದರು. ಆಮೇಲೆ, ಇದು ನನಗೆ ಇಷ್ಟವಾಯಿತು, ಒಂದು ನಿಮಿಷ ಯೋಚಿಸಿ ಕೇಳಿದರು: "ಹಾಗಾದ್ರೆ ಬೀದೀಲಿ ಫಾಲ್ಟ್ ಇದೆ ಅಂತ ಕಂಡುಹಿಡಿದಿದ್ದು ನಮ್ಮ ಮೆಷಿನ್ನೇ ಅಲ್ವಾ ಸಾರ್?"

ಅಲ್ಲ ಎನ್ನಲು ಆಗುತ್ತದೆಯೇ?

ನಾನು ಅಂದಿನಿಂದ ಫ್ರೀ ಎನರ್ಜಿ ವಿಡಿಯೋಗಳನ್ನು ಅಳಿಸುವ ಮುನ್ನ ಸ್ವಲ್ಪ ಹೊತ್ತು ನೋಡುತ್ತೇನೆ. ಅವುಗಳಲ್ಲಿ ಮೋಸದ್ದು ಹೆಚ್ಚು. ಮೇಜಿನೊಳಗೆ ಬ್ಯಾಟರಿ ಅಡಗಿಸಿದ್ದು, ಬಲ್ಬಿನೊಳಗೆ ಅಡಗಿಸಿದ್ದು. ಆದರೆ ಕೆಲವರ ಮುಖ ಇಲಿಯಾಸ್ ಅವರ ಮುಖದ ಹಾಗಿರುತ್ತದೆ. ಅವರು ಅಳೆದಿದ್ದಾರೆ. ಮುಳ್ಳು ಏರಿದೆ. ಏರಿದ್ದು ಸುಳ್ಳಲ್ಲ. ಎಲ್ಲಿಂದ ಏರಿತು ಎಂದು ಕೇಳುವುದನ್ನು ಖುಷಿ ಮರೆಸಿದೆ. ಪುಕ್ಕಟೆ ಎಂದು ನಮಗೆ ಕಾಣುವ ಎಷ್ಟು ಸಂಗತಿಗಳ ಹಿಂದೆ ಪಕ್ಕದ ಮನೆಯವರ ನಲ್ಲಿಯಲ್ಲಿ ಶಾಕ್ ಹೊಡೆಯುತ್ತಿದೆಯೋ ಯಾರು ಬಲ್ಲರು?

ಸೋಮವಾರ ಸಿಲಿಂಡರಿನ ಅಂಗಡಿಯ ಆಟೋ ಬಂದು ಖಾಲಿ ಹೋಯಿತು. ಅದೇ ದಿನ ಕರೆಂಟ್ ಆಫೀಸಿಗೆ ದೂರು ಹೋಯಿತು. ಲೈನ್‌ಮನ್‌ಗಳು ಬಂದು ಮೂಲೆಯ ಕಂಬ ಹತ್ತಿದರು. ನ್ಯೂಟ್ರಲ್ ಜಾಯಿಂಟ್ ಕರಕಲಾಗಿತ್ತು. ಸರಿಮಾಡಿ ಹೋದರು. ಪಕ್ಕದ ಮನೆಯ ನಲ್ಲಿ ಸುಮ್ಮನಾಯಿತು.

ಸಂಜೆ ಇಲಿಯಾಸ್ ಫೋನ್ ಮಾಡಿದರು. ಕ್ಲಿಪ್ ಹಚ್ಚಿ ನೋಡಿದರಂತೆ, ಒಂದು ಕೊನೆಯ ಸಲ. "ಸತ್ತೋಯ್ತು ಸಾರ್. ಮುಳ್ಳು ಅಲ್ಲಾಡ್ಲಿಲ್ಲ." ಸತ್ತವರ ಮನೆಯಲ್ಲಿ ಮಾತಾಡುವ ದನಿ. ನನಗೂ ಒಂದು ಕ್ಷಣ ಬೇಸರವಾಯಿತು, ನಿಜ ಹೇಳಬೇಕೆಂದರೆ.

ಮೊನ್ನೆ ಪಿಳ್ಳಮ್ಮನವರನ್ನು ನೋಡಲು ಹೋಗಿದ್ದೆ. ಸಿಲಿಂಡರ್ ಮೂಲೆಯಲ್ಲಿತ್ತು. ಶೋಭಾ ಅದಕ್ಕೊಂದು ಹಳೇ ಹೂವಿನ ಬೆಡ್‌ಶೀಟ್ ಹೊದಿಸಿದ್ದರು.

"ಈಗ ಅತ್ತೆ ನಿಂತಂಗೆ ಅವ್ಳೆ," ಎಂದರು ಪಿಳ್ಳಮ್ಮ. "ಅತ್ತೆ ಮುಂದೆ ಕಾಲು ಚಾಚ್ಬೋದು, ಪರ್ವಾಗಿಲ್ಲ. ಆದ್ರೆ ನಿಂಗೆ ಒಂದು ಮಾತು ಕೇಳ್ತೀನಿ ಪೇಪರಪ್ಪ. ನನ್ ಮಗ ಮಾಡಿದ್ದು ಉಚ್ಚು ಕೆಲ್ಸಾನಾ?"

ಅಲ್ಲ ಎಂದೆ. ಅವರ ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಹೊರಗೆ ಬಂದಾಗ ಮುನಿರಾಜು ಗೇಟಿನ ತನಕ ನಡೆದುಬಂದರು. "ಸಾರ್, ಬರೀತೀರಲ್ಲ, ಬರೀರಿ. ಆದ್ರೆ ಮುನಿರಾಜು ಪುಕ್ಕಟೆ ಕರೆಂಟಿಗೆ ಆಸೆ ಪಟ್ಟ ಅಂತ ಮಾತ್ರ ಬರೀಬೇಡಿ. ಪುಕ್ಕಟೆ ಯಾರ್ ಕೇಳಿದ್ರು? ಬಿಲ್ ಎಷ್ಟಾದ್ರೂ ಕಟ್ತೀನಿ. ನಾನು ಸಿಲಿಂಡರ್ ಕೀ ತಿರುಗಿಸೋ ಅಷ್ಟರಲ್ಲಿ ತಡವಾಗ್ಬಿಟ್ರೆ ಅಂತ ದಿನಾ ಭಯ. ಕರೆಂಟ್ ಹೋಗ್ಬಾರ್ದು, ಅಷ್ಟೇ."

ಬರೆದಿದ್ದೇನೆ ಮುನಿರಾಜು, ನೀವು ಹೇಳಿದ ಹಾಗೆಯೇ. ಬಿಲ್ ಕಟ್ಟುವ ಮನೆಗೆ ನಡುವೆ ನಿಂತುಹೋಗದ ಕರೆಂಟು ಕೊಡುವ ಕಾಯಿಲನ್ನು ಸುತ್ತಬೇಕಾದವರು ಯಾರು ಎಂಬುದು ಮಾತ್ರ ನನಗಿನ್ನೂ ಗೊತ್ತಾಗಿಲ್ಲ. ಓದುತ್ತಿರುವ ನಿಮಗೆ ಗೊತ್ತೇ?